ಹಳೆಯ ನೌಕೆಯ ಹೊಸ ಬಾಳು: ಕಪ್ತಾನ ಜೋಶುವಾ ಸ್ಲೋಕಮನ ಜೀವನ ಕಥೆ

ಹಳತನ್ನು ಕಂಡರೆ ಮೂಗು ಮುರಿಯುವವರೇ ಲೋಕದಲ್ಲಿ ಹೆಚ್ಚು. ಬಣ್ಣ ಮಾಸಿದ ಸೈಕಲ್ಲು, ಓಟ ನಿಂತ ಮೋಟಾರು, ಮರಳಿನ ಮೇಲೆ ಸಂದು ಬಿಟ್ಟು ಬಿದ್ದಿರುವ ದೋಣಿ, ಇಂಥವನ್ನು ನೋಡಿದೊಡನೆ ಗುಜರಿಯವನಿಗೆ ಹೇಳಿ ಕಳುಹಿಸುವುದು ಜನರ ವಾಡಿಕೆ. ಆದರೆ ಅಂಥ ವಸ್ತುವನ್ನು ಮನೆಗೆ ತಂದು, ಉಜ್ಜಿ, ತಿದ್ದಿ, ಮುರಿದ ಭಾಗಕ್ಕೆ ಹೊಸ ಭಾಗವನ್ನು ಕೂಡಿಸಿ, ಮತ್ತೆ ನಡೆಯುವಂತೆ ಮಾಡಿ ಸಂತೋಷಪಡುವ ಹವ್ಯಾಸಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರನ್ನು ಕಂಡು ನಗುವವರಿಗೂ ಕೊರತೆಯಿಲ್ಲ. ಇದರಿಂದ ಲಾಭವೇನು ಎಂಬುದು ನಗುವವರ ನಿತ್ಯದ ಪ್ರಶ್ನೆ.

ಕರಾವಳಿಯಿಂದ ಬಂದಿರುವ ನಮ್ಮ ಓದುಗರಿಗೆ ದೋಣಿಯ ಆರೈಕೆ ಹೊಸ ಸಂಗತಿಯಲ್ಲ. ಮಳೆಗಾಲ ಹಿಡಿಯುವ ಮುನ್ನ ದೋಣಿಯನ್ನು ದಡಕ್ಕೆಳೆದು, ಮೇಲೆ ಮಡಲಿನ ಮರೆ ಕಟ್ಟಿ, ಸಂದುಗಳನ್ನು ಬಿಗಿಮಾಡಿ, ಮರಕ್ಕೆ ಎಣ್ಣೆ ಹಚ್ಚುವ ಹಿರಿಯರನ್ನು ಅವರು ಬಾಲ್ಯದಲ್ಲಿ ನೋಡಿಯೇ ಇರುತ್ತಾರೆ. ಹೊಲದ ನಡುವೆ ಬಿದ್ದಿದ್ದ ಒಂದು ಮುದಿ ದೋಣಿಯನ್ನು ಹೀಗೆಯೇ ಆರೈಕೆ ಮಾಡಿ, ಅದರಲ್ಲಿ ಒಬ್ಬನೇ ಕುಳಿತು ಭೂಮಂಡಲವನ್ನು ಸುತ್ತಿ ಬಂದ ಒಬ್ಬ ನಾವಿಕನ ಕಥೆಯನ್ನು ಇಲ್ಲಿ ಹೇಳಲಾಗಿದೆ. ಆತನ ಹೆಸರು ಜೋಶುವಾ ಸ್ಲೋಕಮ್. ನೌಕೆಯ ಹೆಸರು ಸ್ಪ್ರೇ, ಎಂದರೆ ಅಲೆಯ ತುಂತುರು.

ಚರ್ಮದಂಗಡಿಯ ಹುಡುಗ

ಸ್ಲೋಕಮನು ಹುಟ್ಟಿದ್ದು ೧೮೪೪ನೆಯ ಇಸವಿ ಫೆಬ್ರವರಿ ೨೦ರಂದು, ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದ ಮೌಂಟ್ ಹ್ಯಾನ್ಲಿ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳ ಬಡ ಸಂಸಾರದಲ್ಲಿ ಆತನು ಐದನೆಯವನು. ತಾಯಿಯು ದೀಪಸ್ತಂಭದ ಕಾವಲುಗಾರನೊಬ್ಬನ ಮಗಳು. ಬೇಸಾಯದಿಂದ ಹೊಟ್ಟೆ ತುಂಬದಿರಲು, ಬಾಲಕನಿಗೆ ಎಂಟು ವರ್ಷವಾಗಿದ್ದಾಗ ಸಂಸಾರವು ಬ್ರಯರ್ ದ್ವೀಪದ ವೆಸ್ಟ್‌ಪೋರ್ಟ್ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿ ತಂದೆಯು ಬೆಸ್ತರಿಗಾಗಿ ಬೂಟುಗಳನ್ನು ಹೊಲಿಯುವ ಅಂಗಡಿಯನ್ನು ತೆರೆದನು. ಹತ್ತು ವರ್ಷದ ಆಸುಪಾಸಿನಲ್ಲಿ ಜೋಶುವಾನ ಶಾಲೆ ಬಿಟ್ಟಿತು. ಅಂದಿನಿಂದ ಹಸಿ ಚರ್ಮದ ವಾಸನೆಯ ನಡುವೆ ಕುಳಿತು ಬೂಟುಗಳಿಗೆ ಮೊಳೆ ಹೊಡೆಯುವುದೇ ಆತನ ವಿದ್ಯಾಭ್ಯಾಸವಾಯಿತು.

ಕಿಟಕಿಯ ಹೊರಗೆ ಕಡಲು. ಒಳಗೆ ಕಠಿಣ ಸ್ವಭಾವದ ತಂದೆ. ಹನ್ನೆರಡು ವರ್ಷದವನಾಗಿದ್ದಾಗ ಬಾಲಕನು ನೆಲಮಾಳಿಗೆಯಲ್ಲಿ ಅಡಗಿ ಕುಳಿತು, ಬಿಡುವಿನ ಕ್ಷಣಗಳಲ್ಲಿ ಮರದ ಪುಟ್ಟ ಹಡಗೊಂದನ್ನು ಕೆತ್ತುತ್ತಿದ್ದನು. ಕೆಲಸ ಮುಗಿಯುವ ಹೊತ್ತಿಗೆ ತಂದೆಯು ಅದನ್ನು ಕಂಡುಹಿಡಿದು, ಸಿಟ್ಟಿನಿಂದ ನೆಲಕ್ಕೆ ಅಪ್ಪಳಿಸಿ ಚೂರುಚೂರು ಮಾಡಿದನು. ಮಗನಿಗೂ ಏಟು ಬಿತ್ತು. ಆದರೆ ಹಡಗಿನ ಹುಚ್ಚು ಬಿಡಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಮನೆಯಿಂದ ಓಡಿಹೋಗಿ ಮೀನುಗಾರಿಕೆಯ ಹಡಗೊಂದರಲ್ಲಿ ಅಡುಗೆಯ ಹುಡುಗನಾಗಿ ಸೇರಿದನು. ಹೋಟೆಲಿನ ಅಡುಗೆಮನೆಯಲ್ಲಿ ಬಾಳನ್ನು ಆರಂಭಿಸಿದ ನಮ್ಮ ಅನೇಕ ಓದುಗರು ಇಲ್ಲಿ ಮುಗುಳ್ನಗಬಹುದು. ಏಕೆಂದರೆ ಆತನು ಮಾಡಿದ ಮೊದಲ ಕಡುಬನ್ನು ಬಾಯಿಗಿಟ್ಟೊಡನೆಯೇ ಖಲಾಸಿಗಳೆಲ್ಲರೂ ದಂಗೆಯೆದ್ದು ಆತನನ್ನು ಆ ಕೆಲಸದಿಂದ ಓಡಿಸಿಬಿಟ್ಟರು. ಹುಡುಗನು ತಲೆ ತಗ್ಗಿಸಿ ಮನೆಗೆ ಮರಳಿದನು. ೧೮೬೦ರಲ್ಲಿ ತಾಯಿ ತೀರಿಕೊಂಡಳು. ಮನೆಯಲ್ಲಿ ಹಿಡಿದು ನಿಲ್ಲಿಸುವವರು ಯಾರೂ ಇಲ್ಲದಂತಾಯಿತು. ಹದಿನಾರನೆಯ ವಯಸ್ಸಿನಲ್ಲಿ ಆತನು ಶಾಶ್ವತವಾಗಿ ಕಡಲಿನ ಪಾಲಾದನು.

ಕಪ್ತಾನ ಪದವಿ

ಸಾಮಾನ್ಯ ಖಲಾಸಿಯಾಗಿ ಸೇರಿದ ಈ ಯುವಕನು ರಾತ್ರಿಯ ಪಹರೆಯ ಬಿಡುವಿನಲ್ಲಿ ನೌಕಾ ಗಣಿತವನ್ನು ತಾನೇ ಕಲಿತನು. ಹದಿನೆಂಟನೆಯ ವಯಸ್ಸಿಗೇ ಬ್ರಿಟಿಷ್ ವ್ಯಾಪಾರ ಮಂಡಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹಡಗಿನ ಅಧಿಕಾರಿಯಾಗುವ ಅರ್ಹತೆಯನ್ನು ಪಡೆದನು. ಮುಂದೆ ಅಮೇರಿಕದ ಪ್ರಜೆಯಾದನು. ಇಪ್ಪತ್ತೈದು ವರ್ಷ ತುಂಬಿದ ಸ್ವಲ್ಪ ಕಾಲದಲ್ಲಿಯೇ ಹಡಗಿನ ಕಪ್ತಾನನಾದನು.

೧೮೭೧ರ ಜನವರಿ ೩೧ರಂದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ ವರ್ಜೀನಿಯಾ ವಾಕರ್ ಎಂಬ ತರುಣಿಯನ್ನು ಆತನು ವಿವಾಹವಾದನು. ಆಕೆ ಗಂಡನೊಡನೆ ಹಡಗಿನಲ್ಲಿಯೇ ಸಂಸಾರ ಹೂಡಿದಳು. ಏಳು ಮಕ್ಕಳು ಜನಿಸಿದರು. ಬದುಕಿ ಉಳಿದವರು ನಾಲ್ವರು. ಅವರಿಗೆ ಅಕ್ಷರ ಕಲಿಸಿದ್ದೂ ಅಲೆಗಳ ಮೇಲೆಯೇ. ೧೮೮೨ರಲ್ಲಿ ಸ್ಲೋಕಮನು ನಾರ್ದರ್ನ್ ಲೈಟ್ ಎಂಬ ಭವ್ಯವಾದ ಹಾಯಿಹಡಗಿನ ಕಪ್ತಾನನೂ ಪಾಲುಗಾರನೂ ಆದನು. ಆತನ ಭಾಗ್ಯವು ಶಿಖರಕ್ಕೇರಿದ ಕಾಲವದು.

ಆದರೆ ಕಾಲವು ಬದಲಾಗುತ್ತಿತ್ತು. ಹಾಯಿಯ ಯುಗ ಮುಗಿದು ಹಬೆಯ ಯುಗ ಬರುತ್ತಿತ್ತು. ಗಾಳಿಯನ್ನು ಕಾಯದೆ ಹೊತ್ತಿಗೆ ಸರಿಯಾಗಿ ಬಂದರು ಸೇರುವ ಉಗಿಹಡಗುಗಳ ಮುಂದೆ ಹಾಯಿಹಡಗುಗಳ ವ್ಯಾಪಾರ ಕುಗ್ಗಿತು. ಸ್ಲೋಕಮನು ಪಾಲನ್ನು ಮಾರಿ, ಅಕ್ವಿಡ್ನೆಕ್ ಎಂಬ ಚಿಕ್ಕ ಹಡಗನ್ನು ಕೊಂಡನು. ಅದರಲ್ಲಿಯೇ, ೧೮೮೪ರ ಜುಲೈ ೨೫ರಂದು, ಬ್ಯೂನಸ್ ಐರಿಸ್ ಬಂದರಿನಲ್ಲಿ, ವರ್ಜೀನಿಯಾ ಕೊನೆಯುಸಿರೆಳೆದಳು. ಚುಕ್ಕಾಣಿ ಕಳೆದ ಹಡಗಿನಂತೆ ಆತನು ಅಲೆದನು.

೧೮೮೬ರಲ್ಲಿ ತನ್ನ ಬಂಧುವರ್ಗದ ಹೆನ್ರಿಯೆಟ್ಟಾ ಎಂಬ ಯುವತಿಯನ್ನು ಆತನು ಮರುಮದುವೆಯಾದನು. ದುರ್ದೆವವು ಬೆನ್ನು ಬಿಡಲಿಲ್ಲ. ೧೮೮೭ರ ಕೊನೆಯಲ್ಲಿ ಅಕ್ವಿಡ್ನೆಕ್ ಹಡಗು ಬ್ರೆಜಿಲಿನ ತೀರದ ಮರಳುದಿಬ್ಬಕ್ಕೆ ತಾಗಿ ನಾಶವಾಯಿತು. ಹಡಗಿಗೆ ವಿಮೆಯಿರಲಿಲ್ಲ. ಗಳಿಸಿದ್ದೆಲ್ಲವೂ ಒಂದೇ ದಿನ ಮರಳಿನ ಪಾಲಾಯಿತು.

ಪರದೇಶದಲ್ಲಿ ಹೆಂಡತಿ ಮಕ್ಕಳೊಡನೆ ಗತಿಗೆಟ್ಟು ನಿಂತ ಮನುಷ್ಯನು ಏನು ಮಾಡಬೇಕು? ಸ್ಲೋಕಮನು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಒಡೆದ ಹಡಗಿನಿಂದ ಉಳಿದುದನ್ನೂ ಅಲ್ಲಿನ ಕಾಡಿನ ಮರವನ್ನೂ ಕೂಡಿಸಿ, ಸುಮಾರು ೩೫ ಅಡಿ ಉದ್ದದ ದೋಣಿಯೊಂದನ್ನು ಕಟ್ಟಿದನು. ಹಾಯಿಗಳನ್ನು ಹೆನ್ರಿಯೆಟ್ಟಾ ಹೊಲಿದಳು. ೧೮೮೮ರ ಮೇ ೧೩ರಂದು ದೋಣಿ ನೀರಿಗಿಳಿಯಿತು. ಅದೇ ದಿನ ಬ್ರೆಜಿಲಿನಲ್ಲಿ ಗುಲಾಮರಿಗೆ ಬಿಡುಗಡೆಯಾದುದರಿಂದ ಅದಕ್ಕೆ ಸ್ವಾತಂತ್ರ್ಯ ಎಂಬ ಅರ್ಥದ ಲಿಬರ್ದಾದೆ ಎಂಬ ಹೆಸರಾಯಿತು. ಅದರಲ್ಲಿ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು, ಸುಮಾರು ೫,೫೦೦ ಮೈಲಿ ಕಡಲನ್ನು ದಾಟಿ ಅಮೇರಿಕವನ್ನು ಮುಟ್ಟಿದನು. ಎಲ್ಲರೂ ಸುಖವಾಗಿ ದಡ ಸೇರಿದರು. ಆದರೆ ಹೆನ್ರಿಯೆಟ್ಟಾಳಿಗೆ ಕಡಲು ಸಾಕಾಗಿತ್ತು. ಆಕೆ ಮತ್ತೆ ಗಂಡನೊಡನೆ ದೂರ ಪಯಣಕ್ಕೆ ಹೊರಡಲಿಲ್ಲ.

ಹೊಲದಲ್ಲಿ ಮಲಗಿದ್ದ ದೋಣಿ

೧೮೯೨ರ ಚಳಿಗಾಲದಲ್ಲಿ ಬಾಸ್ಟನ್ ನಗರದ ಹಡಗುಕಟ್ಟೆಯಲ್ಲಿ ಸ್ಲೋಕಮನು ಕೆಲಸವಿಲ್ಲದೆ ಅಲೆಯುತ್ತಿದ್ದನು. ವಯಸ್ಸು ನಲವತ್ತೆಂಟು. ಕಪ್ತಾನನಾಗಲು ಹಾಯಿಹಡಗುಗಳೇ ಉಳಿದಿರಲಿಲ್ಲ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯ ಕೆಲಸಕ್ಕೆ ಸೇರೋಣವೆಂದರೆ, ಮೊದಲು ಕೆಲಸಗಾರರ ಸಂಘಕ್ಕೆ ೫೦ ಡಾಲರು ಕಟ್ಟಬೇಕಾಗಿತ್ತು. ಅಷ್ಟು ಹಣವಿದ್ದಿದ್ದರೆ ಕೆಲಸ ಹುಡುಕುವ ಅವಸರವೇ ಇರುತ್ತಿರಲಿಲ್ಲವಷ್ಟೆ!

ಆಗ ಎಬೆನ್ ಪಿಯರ್ಸ್ ಎಂಬ ಹಳೆಯ ಪರಿಚಯದ ನಿವೃತ್ತ ಕಪ್ತಾನನು ಎದುರಾಗಿ, ಫೇರ್‌ಹೇವನ್ ಎಂಬ ಊರಿನಲ್ಲಿ ತನ್ನದೊಂದು ನೌಕೆಯಿದೆಯೆಂದೂ ಅದಕ್ಕೆ ಸ್ವಲ್ಪ ದುರಸ್ತಿ ಬೇಕೆಂದೂ ಹೇಳಿ, ಅದನ್ನು ಆತನಿಗೆ ಕೊಡಲೊಪ್ಪಿದನು. ಮರುದಿನವೇ ಸ್ಲೋಕಮನು ಅಲ್ಲಿಗೆ ಹೋದನು. ಕಂಡುದೇನು? ನೀರಿನಿಂದ ದೂರದ ಹೊಲವೊಂದರಲ್ಲಿ, ಊರುಗೋಲುಗಳ ಆಧಾರದ ಮೇಲೆ, ಹರಕು ಕಿತ್ತಾನು ಹೊದ್ದು, ಹಿಂದೆ ಕಪ್ಪೆಚಿಪ್ಪು ಹಿಡಿಯಲು ಬಳಸುತ್ತಿದ್ದ ಮುದಿ ನೌಕೆಯೊಂದು ನಿಂತಿತ್ತು. ಅದರ ವಯಸ್ಸನ್ನು ಹೇಳಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ. ಪಿಯರ್ಸನು ತಮಾಷೆ ಮಾಡಿದ್ದನು. ಸ್ಲೋಕಮನಾದರೋ ಆ ತಮಾಷೆಯನ್ನು ನಿಜ ಮಾಡಲು ನಿಶ್ಚಯಿಸಿದನು.

ಅದನ್ನು ಒಡೆದು ಸೌದೆ ಮಾಡಲು ಬಂದಿರುವನೆಂದು ಊರಿನವರು ಭಾವಿಸಿದರು. ಮತ್ತೆ ಕಟ್ಟಲು ಬಂದಿರುವನೆಂದು ತಿಳಿದಾಗ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಇದರಿಂದ ಲಾಭವುಂಟೇ? ತಿಂಗಳುಗಟ್ಟಲೆ ದಾರಿಹೋಕರೆಲ್ಲರೂ ಈ ಪ್ರಶ್ನೆಯನ್ನು ಕೇಳಿ ಮುಂದೆ ಹೋಗುತ್ತಿದ್ದರು. ಲಾಭ ಬರುವಂತೆ ಮಾಡುವೆನೆಂಬುದೇ ಆತನ ಉತ್ತರವಾಗಿತ್ತು.

ಹದಿಮೂರು ತಿಂಗಳ ಕೆಲಸ

ಸಮೀಪದಲ್ಲಿಯೇ ಬೆಳೆದಿದ್ದ ಓಕ್ ಮರವೊಂದನ್ನು ಕಡಿದು ನೌಕೆಯ ಅಡಿಮರವನ್ನು ಮಾಡಿದನು. ಪಕ್ಕೆಲುಬಿನಂತಿರುವ ಅಡ್ಡಮರಗಳನ್ನು ಹಬೆಯಲ್ಲಿ ಬೇಯಿಸಿ ಮೆತ್ತಗಾಗಿಸಿ, ಅಚ್ಚಿನ ಮೇಲೆ ಬಗ್ಗಿಸಿ ಕೂಡಿಸಿದನು. ಅವುಗಳ ಮೇಲೆ ಒಂದೂವರೆ ಅಂಗುಲ ದಪ್ಪದ ಪೈನ್ ಮರದ ಹಲಗೆಗಳನ್ನು ಬಿಗಿದನು. ಹಲಗೆಗಳ ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ತುಂಬಿ ಉಳಿಯಿಂದ ಹೊಡೆದು ಗಟ್ಟಿ ಮಾಡಿದನು. ನೀರಿನಲ್ಲಿ ಮುಳುಗುವ ಭಾಗಕ್ಕೆ ತಾಮ್ರದ ಬಣ್ಣ, ಮೇಲಿನ ಭಾಗಕ್ಕೆ ಬಿಳಿಯ ಸೀಸದ ಬಣ್ಣ. ಮರ ಕೊರೆಯುವ ಕಡಲಹುಳುವನ್ನು ದೂರವಿಡಲು ತಾಮ್ರದ ಬಣ್ಣ ಅವಶ್ಯಕ. ಈ ಹುಳು ಹೊಕ್ಕ ಹಡಗು ಹೊರಗೆ ನೋಡಲು ಗಟ್ಟಿಮುಟ್ಟಾಗಿದ್ದು ಒಳಗೆ ಜೇನುಗೂಡಿನಂತಾಗಿರುತ್ತದೆ.

ತಿಮಿಂಗಿಲ ಬೇಟೆಯ ಮುದಿ ಕಪ್ತಾನರು ಆಗಾಗ ಬಂದು ಕೆಲಸವನ್ನು ಪರೀಕ್ಷಿಸಿ, ಹರಟೆ ಹೊಡೆದು, ಕೊನೆಗೆ ಮೆಚ್ಚಿ ತಲೆದೂಗಿ ಹೋಗುತ್ತಿದ್ದರು. ಹದಿಮೂರು ತಿಂಗಳು ಕಳೆಯಿತು. ಕೊಂಡ ಸಾಮಾನುಗಳ ಖರ್ಚನ್ನು ಸ್ಲೋಕಮನು ಒಳ್ಳೆಯ ಗುಮಾಸ್ತನಂತೆ ಕಾಸುಕಾಸಾಗಿ ಬರೆದಿಟ್ಟಿದ್ದನು. ಒಟ್ಟು ೫೫೩ ಡಾಲರು ೬೨ ಸೆಂಟು. ಸಿದ್ಧವಾದ ನೌಕೆಯ ಉದ್ದ ೩೬ ಅಡಿ ೯ ಅಂಗುಲ. ಅಗಲ ೧೪ ಅಡಿ ೨ ಅಂಗುಲ.

ಇಲ್ಲೊಂದು ಸ್ವಾರಸ್ಯವಾದ ವಿಚಾರವಿದೆ. ಕೊಳೆತ ಮರವನ್ನು ತೆಗೆದು ಹೊಸ ಮರವನ್ನು ಹಾಕುತ್ತ ಹಾಕುತ್ತ, ಕೊನೆಗೆ ಹಳೆಯ ನೌಕೆಯ ಮರ ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಹಾಗಿದ್ದರೂ ಆತನು ಹೆಸರನ್ನು ಬದಲಿಸಲಿಲ್ಲ. ನಮ್ಮ ಊರಿನ ಅಜ್ಜನ ಮನೆಯನ್ನು ನೆನೆದುಕೊಳ್ಳಿರಿ. ಒಂದು ವರ್ಷ ಹಂಚು, ಒಂದು ವರ್ಷ ಪಕ್ಕಾಸು, ಮತ್ತೊಂದು ವರ್ಷ ಬಾಗಿಲು, ಹೀಗೆ ಎಲ್ಲವೂ ಬದಲಾಗಿರುತ್ತದೆ. ಆದರೂ ಅದು ಅಜ್ಜನ ಮನೆಯೇ. ಸ್ಪ್ರೇ ಸಹ ಹಾಗೆಯೇ ಸ್ಪ್ರೇ ಆಗಿ ಉಳಿಯಿತು.

ಒಂದು ಋತು ಅದರಲ್ಲಿ ಮೀನು ಹಿಡಿಯಲು ಪ್ರಯತ್ನಿಸಿದನು. ಗಾಳಕ್ಕೆ ಎರೆ ಸಿಕ್ಕಿಸುವ ಜಾಣತನ ತನಗಿಲ್ಲವೆಂದು ತಿಳಿಯಿತು. ಆಗ ಭೂಪ್ರದಕ್ಷಿಣೆಯ ಸಂಕಲ್ಪ ಮಾಡಿದನು.

ಏಕಾಂಗಿ ಯಾತ್ರೆ

೧೮೯೫ರ ಏಪ್ರಿಲ್ ೨೪ರಂದು ಸ್ಪ್ರೇ ಬಾಸ್ಟನ್ ಬಂದರನ್ನು ಬಿಟ್ಟಿತು. ಒಡೆಯನಿಗೆ ಐವತ್ತೊಂದು ವರ್ಷ. ಅಲ್ಲಿಯವರೆಗೆ ಭೂಮಿಯನ್ನು ಏಕಾಂಗಿಯಾಗಿ ಕಡಲ ಮಾರ್ಗದಲ್ಲಿ ಸುತ್ತಿದವರು ಯಾರೂ ಇರಲಿಲ್ಲ. ಆತನ ಬಳಿಯಿದ್ದ ಹಳೆಯ ಕಾಲಮಾಪಕ ಗಡಿಯಾರವನ್ನು ಸರಿಪಡಿಸಲು ೧೫ ಡಾಲರು ಬೇಕಾಗುತ್ತಿದ್ದುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟನು. ದಾರಿಯಲ್ಲಿ, ಮುಖದ ಗಾಜು ಒಡೆದಿದ್ದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡನು. ಅದನ್ನೂ ಸೂರ್ಯಚಂದ್ರರನ್ನೂ ತನ್ನ ಅನುಭವವನ್ನೂ ನಂಬಿ ಮಹಾಸಾಗರಕ್ಕೆ ಇಳಿದನು. ಈ ನಾವಿಕನಿಗೆ ಈಜು ಬರುತ್ತಿರಲಿಲ್ಲವೆಂಬುದೂ ಓದುಗರಿಗೆ ತಿಳಿದಿರಲಿ.

ಅಜೋರ್ಸ್ ದ್ವೀಪಗಳಲ್ಲಿ ಜನರು ಪ್ರೀತಿಯಿಂದ ಕೊಟ್ಟ ಹಣ್ಣನ್ನೂ ಗಿಣ್ಣನ್ನೂ ಒಟ್ಟಿಗೆ ತಿಂದು, ಹೊಟ್ಟೆನೋವಿನಿಂದ ಎಚ್ಚರ ತಪ್ಪಿ ಬಿದ್ದನು. ರಾತ್ರಿಯೆಲ್ಲ ಬಿರುಗಾಳಿ. ಕೊಲಂಬಸನ ಕಾಲದ ನಾವಿಕನೊಬ್ಬನು ಬಂದು ಚುಕ್ಕಾಣಿ ಹಿಡಿದಂತೆ ಜ್ವರದ ಮಂಪರಿನಲ್ಲಿ ಆತನಿಗೆ ಕಂಡಿತು. ಬೆಳಗಾದಾಗ ನೌಕೆ ದಾರಿ ತಪ್ಪದೆ ಮುಂದೆ ಸಾಗಿತ್ತು. ನಿಜ ಸಂಗತಿಯೇನೆಂದರೆ, ಹಾಯಿಗಳನ್ನು ಹದವಾಗಿ ಹೊಂದಿಸಿ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿಬಿಟ್ಟರೆ ಸ್ಪ್ರೇ ತಾನಾಗಿಯೇ ನೇರವಾಗಿ ನಡೆಯುತ್ತಿತ್ತು. ಅದರ ಮೈಕಟ್ಟಿನ ಸಮತೂಕವೇ ಇದರ ರಹಸ್ಯ. ಮುಂದೆ ಹಿಂದೂ ಮಹಾಸಾಗರದಲ್ಲಿ ೨೩ ದಿನಗಳ ಕಾಲ ೨,೭೦೦ ಮೈಲಿ ಸಾಗಿದಾಗ, ಆತನು ಚುಕ್ಕಾಣಿಯ ಬಳಿ ನಿಂತದ್ದು ಒಟ್ಟು ಮೂರು ಗಂಟೆಗಳಷ್ಟು ಮಾತ್ರ. ಉಳಿದ ಹೊತ್ತು ಅಡುಗೆ, ಓದು, ಹಾಯಿ ಹೊಲಿಯುವುದು ಮತ್ತು ನಿದ್ರೆ. ಇರುಳಿನಲ್ಲಿ ಹಾರಿ ಬಂದು ನೌಕೆಯ ಮೇಲೆ ಬಿದ್ದ ಹಾರುಮೀನುಗಳು ಬೆಳಗಿನ ಉಪಾಹಾರಕ್ಕೆ ಒದಗುತ್ತಿದ್ದವು.

ಜಿಬ್ರಾಲ್ಟರಿನಲ್ಲಿ ಬ್ರಿಟಿಷ್ ನೌಕಾಧಿಕಾರಿಗಳು ಆತನನ್ನು ಆದರಿಸಿ, ಕೆಂಪು ಸಮುದ್ರದ ಮಾರ್ಗದಲ್ಲಿ ಕಡಲ್ಗಳ್ಳರ ಭಯವಿದೆಯೆಂದು ಎಚ್ಚರಿಸಿದರು. ಆತನು ದಿಕ್ಕನ್ನೇ ಬದಲಾಯಿಸಿ ಮತ್ತೆ ಅಟ್ಲಾಂಟಿಕ್ ಸಾಗರವನ್ನು ದಾಟಿ ದಕ್ಷಿಣ ಅಮೇರಿಕದತ್ತ ಹೊರಟನು. ವಿಧಿಯ ವಿನೋದವೆಂಬಂತೆ, ಹೊರಟ ಸ್ವಲ್ಪ ಹೊತ್ತಿಗೇ ಮೊರಾಕೊ ತೀರದ ಬಳಿ ಕಡಲ್ಗಳ್ಳರ ನೌಕೆಯೊಂದು ಬೆನ್ನಟ್ಟಿತು. ಬೀಸಿದ ಬಿರುಗಾಳಿಗೆ ಕಳ್ಳರ ಕೂವೆಮರ ಮುರಿದುಬಿತ್ತು, ಸ್ಪ್ರೇ ಪಾರಾಯಿತು.

ಮೆಗೆಲನ್ ಜಲಸಂಧಿಯ ಪರೀಕ್ಷೆ

೧೮೯೬ರ ಫೆಬ್ರವರಿಯಲ್ಲಿ ಸ್ಪ್ರೇ ದಕ್ಷಿಣ ಅಮೇರಿಕದ ತುದಿಯ ಮೆಗೆಲನ್ ಜಲಸಂಧಿಯನ್ನು ಹೊಕ್ಕಿತು. ಇರುಳಿನಲ್ಲಿ ನೌಕೆಗಳನ್ನು ಏರಿ ದೋಚುವವರು ಅಲ್ಲಿದ್ದರು. ಪುಂಟಾ ಅರೇನಾಸ್ ಬಂದರಿನ ಸ್ನೇಹಿತನೊಬ್ಬನು ಆತನಿಗೆ ಚೀಲದ ತುಂಬ ಜಮಖಾನೆಯ ಮೊಳೆಗಳನ್ನು ಕೊಟ್ಟಿದ್ದನು. ಮಲಗುವ ಮುನ್ನ ಸ್ಲೋಕಮನು ಅವುಗಳನ್ನು ಮೊನೆ ಮೇಲಾಗಿ ಹಲಗೆಯ ಮೇಲೆಲ್ಲ ಹರಡಿ ಮಲಗಿದನು. ನಡುರಾತ್ರಿಯಲ್ಲಿ ಬರಿಗಾಲಿನಲ್ಲಿ ಏರಿಬಂದವರು ಚೀರುತ್ತ ನೀರಿಗೆ ಹಾರಿದರು. ಬಾಲ್ಯದಲ್ಲಿ ಬೂಟುಗಳಿಗೆ ಮೊಳೆ ಹೊಡೆದವನಿಗೆ ಮುಪ್ಪಿನ ಹೊಸ್ತಿಲಲ್ಲಿ ಮೊಳೆಗಳೇ ಕಾವಲುಗಾರರಾದವು.

ಜಲಸಂಧಿಯನ್ನು ದಾಟಿ ಪೆಸಿಫಿಕ್ ಸಾಗರವನ್ನು ಮುಟ್ಟಿದೊಡನೆ ಭಯಂಕರವಾದ ಬಿರುಗಾಳಿ ಎದ್ದಿತು. ಹಾಯಿ ಹರಿದು ಚಿಂದಿಯಾಯಿತು. ನೌಕೆಯು ಹಾರ್ನ್ ಭೂಶಿರದ ದಿಕ್ಕಿಗೆ ಕೊಚ್ಚಿಹೋಗಿ, ಕತ್ತಲೆಯಲ್ಲಿ ಬಂಡೆಗಳ ಸಮೂಹವೊಂದರ ನಡುವೆ ಸಿಲುಕಿತು. ಎಲ್ಲೆಲ್ಲಿಯೂ ಬಿಳಿಯ ನೊರೆ. ರಾತ್ರಿಯಿಡೀ ಬಂಡೆಗಳ ಸದ್ದನ್ನು ಕೇಳಿ ಕೇಳಿ ತಿರುಗಿಸುತ್ತ, ಬೆಳಕು ಹರಿಯುವವರೆಗೆ ಆತನು ನೌಕೆಯನ್ನು ಕಾಪಾಡಿದನು. ಹೊಲದ ಓಕ್ ಮರದಿಂದ ಮಾಡಿದ ಅಡಿಮರವು ಅಂದು ಮೋಸ ಮಾಡಲಿಲ್ಲ. ಮತ್ತೆ ಜಲಸಂಧಿಗೆ ಮರಳಿ, ಹಾಯಿಗಳನ್ನು ಹೊಲಿದು, ಹಿಂಭಾಗಕ್ಕೆ ಚಿಕ್ಕದೊಂದು ಕೂವೆಮರವನ್ನು ಹೊಸದಾಗಿ ಸೇರಿಸಿ, ಪದೇ ಪದೇ ಪ್ರಯತ್ನಿಸಿ, ಏಪ್ರಿಲ್ ೧೩ರಂದು ಕೊನೆಗೂ ಪೆಸಿಫಿಕ್ ಸಾಗರಕ್ಕೆ ಹೊರಬಿದ್ದನು.

ಆ ಜಲಸಂಧಿಯಲ್ಲಿ, ಒಡೆದುಹೋದ ಯಾವುದೋ ಹಡಗಿನ ಕೊಬ್ಬಿನ ಪೀಪಾಯಿಗಳು ದಡಕ್ಕೆ ಬಿದ್ದಿದ್ದವು. ಆತನು ಅವನ್ನು ನೌಕೆಗೆ ತುಂಬಿಕೊಂಡನು. ಅದು ಎಲ್ಲಿ ಉಪಯೋಗಕ್ಕೆ ಬಂದಿತೆಂಬುದು ನಮ್ಮ ಹೋಟೆಲು ಬಂಧುಗಳಿಗೆ ಪ್ರಿಯವಾದ ಸಂಗತಿ. ಜುವಾನ್ ಫರ್ನಾಂಡಿಸ್ ದ್ವೀಪಕ್ಕೆ ಬಂದಾಗ, ಅಲ್ಲಿನ ಜನರಿಗೆ ಆ ಕೊಬ್ಬಿನಲ್ಲಿ ಕರಿದ ಡೋನಟ್ ಎಂಬ ಸಿಹಿ ಬನ್ನುಗಳನ್ನು ಮಾಡಿಕೊಟ್ಟನು. ಆಕಾರದಲ್ಲಿ ಅದು ನಮ್ಮ ಉದ್ದಿನ ವಡೆಯ ನೆಂಟ. ದ್ವೀಪದವರು ರುಚಿಗೆ ಮಾರುಹೋದರು. ಮಾಡುವ ಕ್ರಮವನ್ನು ಕಲಿಸಿ, ಕೊಬ್ಬನ್ನು ಮಿತವಾದ ಬೆಲೆಗೆ ಮಾರಿದನು. ಅವರು ಕೊಟ್ಟ ನಾಣ್ಯಗಳಲ್ಲಿ ಕೆಲವು ಪುರಾತನವಾಗಿದ್ದು, ಮುಂದೆ ಹೆಚ್ಚಿನ ಬೆಲೆಗೆ ಹೋದವು. ಮೊದಲ ಕಡುಬಿಗೆ ಹಡಗಿನಿಂದ ಹೊರದೂಡಲ್ಪಟ್ಟ ಹುಡುಗನು ಸುಮಾರು ನಲವತ್ತು ವರ್ಷಗಳ ಬಳಿಕ ಅಡುಗೆಯಿಂದಲೇ ಗೌರವ ಗಳಿಸಿದನು.

ಮರಳಿ ಮನೆಗೆ

ಅಲ್ಲಿಂದ ಎಲ್ಲಿಯೂ ನಿಲ್ಲದೆ ೭೨ ದಿನ ಸಾಗಿ ಸಮೋವಾ ದ್ವೀಪ, ಬಳಿಕ ಆಸ್ಟ್ರೇಲಿಯ. ವರ್ಜೀನಿಯಾಳನ್ನು ಕೈಹಿಡಿದಿದ್ದ ಸಿಡ್ನಿ ನಗರದಲ್ಲಿ ಹಿತೈಷಿಯೊಬ್ಬನು ಸ್ಪ್ರೇ ನೌಕೆಗೆ ಹೊಸ ಹಾಯಿಗಳ ಜೊತೆಯನ್ನೇ ಉಡುಗೊರೆಯಾಗಿ ಕೊಟ್ಟನು. ಟಾಸ್ಮೇನಿಯಾದಲ್ಲಿ ನೌಕೆಯನ್ನು ದಡಕ್ಕೆಳೆದು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದನು. ಹುಳುವಿನ ಸುಳಿವೂ ಇರಲಿಲ್ಲ. ಆದರೂ ಇನ್ನೊಮ್ಮೆ ತಾಮ್ರದ ಬಣ್ಣವನ್ನು ಬಳಿದೇ ಮುಂದೆ ಹೊರಟನು. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡುವ ಮೊದಲೇ ನೋಡಿಕೊಳ್ಳಬೇಕೆಂಬುದು ಆತನ ನಿಯಮವಾಗಿತ್ತು.

ಊರೂರಲ್ಲಿ ಉಪನ್ಯಾಸ ಮಾಡಿ ಬಂದ ಹಣದಿಂದ ಸಾಮಾನು ಕೊಳ್ಳುತ್ತ, ಕೀಲಿಂಗ್ ದ್ವೀಪಗಳು, ಮಾರಿಷಸ್, ದಕ್ಷಿಣ ಆಫ್ರಿಕಗಳನ್ನು ಆತನು ದಾಟಿದನು. ಆಫ್ರಿಕದಲ್ಲಿ ಕಂಡ ಅಧ್ಯಕ್ಷ ಕ್ರೂಗರನು ಭೂಮಿ ಚಪ್ಪಟೆಯೆಂದು ನಂಬಿದವನು. ಭೂಮಿಯನ್ನು ಸುತ್ತುತ್ತಿರುವೆನೆಂಬ ಮಾತೇ ಆತನಿಗೆ ಹಿಡಿಸಲಿಲ್ಲ. ಸೇಂಟ್ ಹೆಲೆನಾದಲ್ಲಿ ಉಡುಗೊರೆಯಾಗಿ ಬಂದ ಆಡೊಂದು ವೆಸ್ಟ್ ಇಂಡೀಸಿನ ಕಡಲ ನಕ್ಷೆಯನ್ನೂ ಆತನ ಹುಲ್ಲಿನ ಟೋಪಿಯನ್ನೂ ತಿಂದುಹಾಕಿತು. ಅದನ್ನು ಮುಂದಿನ ದ್ವೀಪದಲ್ಲಿ ಇಳಿಸಿ ನಮಸ್ಕಾರ ಹೇಳಿದನು.

೧೮೯೮ರ ಜೂನ್ ೨೭ರ ನಸುಕಿನಲ್ಲಿ ಸ್ಪ್ರೇ ಅಮೇರಿಕದ ನ್ಯೂಪೋರ್ಟ್ ಬಂದರನ್ನು ಸೇರಿತು. ಮೂರು ವರ್ಷ ಎರಡು ತಿಂಗಳು, ೪೬,೦೦೦ ಮೈಲಿ. ಸ್ಪೇನಿನೊಡನೆ ಯುದ್ಧ ನಡೆಯುತ್ತಿದ್ದುದರಿಂದ ಜನರ ಗಮನ ಬೇರೆಡೆಗಿತ್ತು. ದೊಡ್ಡ ಸ್ವಾಗತವೇನೂ ದೊರೆಯಲಿಲ್ಲ. ಕೆಲವು ದಿನಗಳ ಬಳಿಕ ಸ್ಲೋಕಮನು ನೌಕೆಯನ್ನು ಫೇರ್‌ಹೇವನ್ನಿಗೆ ನಡೆಸಿ, ಅದು ಮೊದಲು ನೀರಿಗಿಳಿದಾಗ ಕಟ್ಟಿದ್ದ ಗೂಟಕ್ಕೇ ಅದನ್ನು ಕಟ್ಟಿದನು. ತವರಿಗೆ ಅದಕ್ಕಿಂತ ಹತ್ತಿರ ಅದನ್ನು ಕೊಂಡೊಯ್ಯಲು ಸಾಧ್ಯವಿರಲಿಲ್ಲ.

ಕೊನೆಯ ದಿನಗಳು

ಆತನು ಬರೆದ ಯಾತ್ರೆಯ ವೃತ್ತಾಂತವು ಮೊದಲು ಮಾಸಪತ್ರಿಕೆಯಲ್ಲಿ, ೧೯೦೦ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಶಾಲೆಯನ್ನು ಬಾಲ್ಯದಲ್ಲೇ ಬಿಟ್ಟವನ ಪುಸ್ತಕವನ್ನು ಶಾಲೆಯ ಮಕ್ಕಳು ಓದುವಂತಾಯಿತು. ೧೯೦೧ರ ಬಫಲೋ ವಸ್ತುಪ್ರದರ್ಶನದಲ್ಲಿ ಸಾವಿರಾರು ಜನ ಸ್ಪ್ರೇ ನೌಕೆಯನ್ನು ನೋಡಿದರು. ಮೆಗೆಲನ್ನಿನಲ್ಲಿ ಹರಿದ ಹಾಯಿಯ ಚೂರುಗಳನ್ನು ಪುಸ್ತಿಕೆಗಳಲ್ಲಿ ಸೇರಿಸಿ ಸ್ಲೋಕಮನು ಮಾರಿದನು. ಲಾಭವುಂಟೇ ಎಂದು ಕೇಳಿದ್ದವರಿಗೆ ಉತ್ತರ ದೊರೆಯಿತು.

೧೯೦೨ರಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಹೊಲಮನೆಯನ್ನು ಕೊಂಡನು. ಆದರೆ ನೆಲವು ಆತನನ್ನು ಹಿಡಿದಿಡಲಿಲ್ಲ. ಹೆಂಡತಿ ದಡದಲ್ಲಿ, ಗಂಡ ನೌಕೆಯಲ್ಲಿ; ಹೀಗೆ ಸಂಸಾರ ಎರಡಾಗಿಯೇ ಉಳಿಯಿತು. ಚಳಿಗಾಲಗಳಲ್ಲಿ ಒಬ್ಬನೇ ವೆಸ್ಟ್ ಇಂಡೀಸಿಗೆ ಹೋಗಿ ಬರುತ್ತಿದ್ದನು. ೧೯೦೬ರಲ್ಲಿ ನ್ಯೂಜೆರ್ಸಿಯಲ್ಲಿ ಅಸಭ್ಯ ವರ್ತನೆಯ ಆಪಾದನೆಗೆ ಗುರಿಯಾಗಿ, ಅದನ್ನು ಎದುರಿಸಿ ವಾದಿಸದೆ, ಕೆಲವು ವಾರ ಸೆರೆಮನೆಯಲ್ಲಿ ಕಳೆದುದು ಆತನ ಬಾಳಿನ ಕಪ್ಪು ಚುಕ್ಕೆ. ಚರಿತ್ರೆ ಬರೆಯುವವರು ಅದನ್ನು ಮುಚ್ಚಿಡಲಾಗದು.

ಆ ವರ್ಷಗಳಲ್ಲಿ ನೌಕೆಯನ್ನು ನೋಡಿದವರು ಮತ್ತೊಂದು ಸಂಗತಿಯನ್ನು ಗಮನಿಸಿದ್ದಾರೆ. ಹಗ್ಗಗಳು ಸಡಿಲವಾಗಿದ್ದವು, ಬಣ್ಣ ಮಾಸಿತ್ತು, ಮೊದಲಿನ ಅಚ್ಚುಕಟ್ಟು ಇರಲಿಲ್ಲ. ಒಡೆಯನೂ ಮುದಿಯಾಗಿದ್ದನು, ನೌಕೆಯೂ ಮುದಿಯಾಗಿತ್ತು. ಟಾಸ್ಮೇನಿಯಾದಲ್ಲಿ ಹುಳುವಿಲ್ಲದಿದ್ದರೂ ಬಣ್ಣ ಬಳಿದ ಕೈಗಳು ಈಗ ಸೋತಿದ್ದವು.

೧೯೦೯ರ ನವೆಂಬರ್ ೧೪ರಂದು ಅರವತ್ತೈದು ವರ್ಷದ ಸ್ಲೋಕಮನು ದಕ್ಷಿಣ ಅಮೇರಿಕದ ನದಿಗಳನ್ನು ನೋಡುವ ಉದ್ದೇಶದಿಂದ ದ್ವೀಪವನ್ನು ಬಿಟ್ಟು ಹೊರಟನು. ಮತ್ತೆ ಆತನನ್ನಾಗಲಿ ನೌಕೆಯನ್ನಾಗಲಿ ಯಾರೂ ಕಾಣಲಿಲ್ಲ. ಇರುಳಿನಲ್ಲಿ ಉಗಿಹಡಗು ಡಿಕ್ಕಿ ಹೊಡೆಯಿತೆಂದು ಕೆಲವರು, ಶಿಥಿಲವಾದ ಹಲಗೆ ಬಿಟ್ಟುಕೊಂಡಿತೆಂದು ಕೆಲವರು ಊಹಿಸಿದರು. ಹದಿನೈದು ವರ್ಷಗಳ ಬಳಿಕ, ೧೯೨೪ರಲ್ಲಿ, ನ್ಯಾಯಾಲಯವು ಆತನು ಮೃತನೆಂದು ಘೋಷಿಸಿತು.

ಸ್ಪ್ರೇ ಕಣ್ಮರೆಯಾದರೂ ಅದರ ಅಳತೆಗಳು ಪುಸ್ತಕದಲ್ಲಿ ಉಳಿದವು. ಆ ಅಳತೆಗಳನ್ನು ಹಿಡಿದು ಲೋಕದ ನಾನಾ ಭಾಗಗಳಲ್ಲಿ ಹವ್ಯಾಸಿಗಳು ಅದರ ಪ್ರತಿಕೃತಿಗಳನ್ನು ಕಟ್ಟಿ ಕಡಲಿಗಿಳಿಸಿದ್ದಾರೆ. ಆತನು ತೋರಿದ ದಾರಿಯಲ್ಲಿ ಅನೇಕರು ಏಕಾಂಗಿಗಳಾಗಿ ಭೂಮಿಯನ್ನು ಸುತ್ತಿದ್ದಾರೆ. ನಮ್ಮ ನೌಕಾದಳದ ದಿಲೀಪ್ ದೋಂಡೆಯವರು ೨೦೦೯ರಲ್ಲಿ ಮುಂಬಯಿ ಬಂದರಿನಿಂದಲೇ ಮಾದೇಯಿ ಎಂಬ ಹಾಯಿನೌಕೆಯಲ್ಲಿ ಹೊರಟು, ೨೦೧೦ರ ಮೇ ತಿಂಗಳಲ್ಲಿ ಮರಳಿ ಬಂದು, ಆ ಸಾಧನೆ ಮಾಡಿದ ಮೊದಲ ಭಾರತೀಯರಾದರು.

ಸ್ಲೋಕಮನ ಬಾಳಿನಲ್ಲಿ ಎರಡು ಪಾಠಗಳು ಅಕ್ಕಪಕ್ಕದಲ್ಲಿವೆ. ಲೋಕವು ಕೆಲಸಕ್ಕೆ ಬಾರದೆಂದು ಬದಿಗಿಟ್ಟ ನಾವಿಕನೂ ಬದಿಗಿಟ್ಟ ನೌಕೆಯೂ ಒಂದನ್ನೊಂದು ಕೈಹಿಡಿದೆತ್ತಿದುದು ಮೊದಲನೆಯದು. ಒಮ್ಮೆ ಎತ್ತಿ ನಿಲ್ಲಿಸಿದ ಮಾತ್ರಕ್ಕೆ ಮುಗಿಯದು, ದಿನದಿನವೂ ಕೈಯಾಡುತ್ತಿರಬೇಕು ಎಂಬುದು ಎರಡನೆಯದು. ಹಳೆಯ ವಸ್ತುವನ್ನು ಪ್ರೀತಿಸುವವರು ಎರಡನ್ನೂ ನೆನಪಿಡುವುದು ಒಳ್ಳೆಯದು. ಕೋಣೆಯ ಮೂಲೆಯಲ್ಲಿ ಹಳೆಯ ಸೈಕಲ್ಲು ನಿಂತಿದ್ದರೆ, ಈ ಭಾನುವಾರ ಅದರ ಸರಪಳಿಗೆ ನಾಲ್ಕು ಹ��ಿ ಎಣ್ಣೆ ಬಿಡಿರಿ.